ಭಾವನ ಹೊಟ್ಟೆ, ನನ್ನ ಹಿಮದ ಗಾಡಿ

ನನ್ನ ಅಕ್ಕನ ಗಂಡನ ಹೊಟ್ಟೆಯ ಸುತ್ತಳತೆ ನನಗೆ ಗೊತ್ತಿದೆ. ನಾನೇ ಅಳೆದದ್ದು. ಹಿತ್ತಲಿನಲ್ಲಿ ಒಣಗಲು ಹಾಕಿದ್ದ ಅವರ ಪ್ಯಾಂಟಿನ ಸೊಂಟಕ್ಕೆ, ಯಾರೂ ನೋಡದ ಹೊತ್ತಿನಲ್ಲಿ, ಟೇಪ್ ಹಿಡಿದು ಅಳೆದೆ. ಬಿಸಿಲಿಗೆ ಬಟ್ಟೆ ಸ್ವಲ್ಪ ಕುಗ್ಗಿರುತ್ತದೆ, ಊಟವಾದ ಮೇಲೆ ಹೊಟ್ಟೆ ಸ್ವಲ್ಪ ಹಿಗ್ಗಿರುತ್ತದೆ ಎಂದು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಸೇಡಿನ ಕೆಲಸವನ್ನು ಅರೆಬರೆ ಮಾಡಬಾರದು ಎನ್ನುವವಳು ನಾನು. ಆಫೀಸಿನಲ್ಲೂ ನನಗೆ ಅಚ್ಚುಕಟ್ಟಿನವಳು ಎಂದೇ ಹೆಸರು.

ನಾನು ಓದಿದ್ದು ತುಮಕೂರಿನಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್. ಮುಂದೆ ಓದಲೆಂದು ಮೆಲ್ಬರ್ನಿಗೆ ಬಂದು, ಕಾಯಂ ವಾಸದ ಪಿಆರ್ ಸಿಕ್ಕಿದ ಮೇಲೆ ಇಲ್ಲೇ ಉಳಿದೆ. ಕೆಲಸ ಸಿಕ್ಕಿದ್ದು ಮಾತ್ರ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ತಪ್ಪು ಹುಡುಕುವುದರಲ್ಲಿ ನಾನು ಜಾಣೆ. ಆದರೆ ದಿನವಿಡೀ ಸ್ಕ್ರೀನು ನೋಡಿ ಸಂಜೆ ಟ್ರ್ಯಾಮಿನಲ್ಲಿ ನಿಂತು ಮನೆಗೆ ಹೋಗುವಾಗ ಕೈಗಳು ಕೆಲಸವಿಲ್ಲದೆ ಜೋತುಬಿದ್ದಿರುತ್ತಿದ್ದವು. ಏನನ್ನಾದರೂ ಬಿಚ್ಚಬೇಕು, ಮತ್ತೆ ಜೋಡಿಸಬೇಕು ಅನಿಸುತ್ತಿತ್ತು. ಆಕಾಶಕ್ಕೆ ಹತ್ತಿರದ ಒಂದು ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಬಿಚ್ಚುವುದಕ್ಕೆ ಮಿಕ್ಸಿ ಬಿಟ್ಟರೆ ಬೇರೇನಿರುತ್ತದೆ?

ಒಂದು ಚಳಿಗಾಲ ಸಿಡ್ನಿಯಿಂದ ಅಕ್ಕನ ಸಂಸಾರ, ಮೆಲ್ಬರ್ನಿನಿಂದ ನಾನು, ಎಲ್ಲರೂ ಸೇರಿ ಹಿಮ ನೋಡಲು ಬೆಟ್ಟಕ್ಕೆ ಹೋಗಿದ್ದೆವು. ವಾಪಸ್ಸು ಬರುವಾಗ ಕೂಮಾ ಎಂಬ ಊರಿನ ಹತ್ತಿರ ಒಂದು ಫಾರಂ ಗೇಟಿನಲ್ಲಿ ಹಳೇ ಸಾಮಾನು ಮಾರಾಟಕ್ಕಿದೆ ಎಂಬ ಬೋರ್ಡು ಕಂಡಿತು. ಭಾವನಿಗೆ ಟಾಯ್ಲೆಟ್ಟಿಗೆ ಹೋಗಬೇಕಿತ್ತು, ಹಾಗಾಗಿ ಕಾರು ನಿಂತಿತು. ಹುಲ್ಲು ತುಂಬಿದ ಶೆಡ್ಡಿನ ಹಿಂಭಾಗದಲ್ಲಿ ಅದು ಕೂತಿತ್ತು. ಕಿತ್ತಳೆ ಬಣ್ಣದ ಡಬ್ಬದಂಥ ಗಾಡಿ. ಚಕ್ರ ಇರಬೇಕಾದ ಕಡೆ ಯುದ್ಧದ ಟ್ಯಾಂಕಿಗಿರುವಂಥ ಅಗಲವಾದ ಪಟ್ಟಿಗಳು, ಒಳಗೆ ಸ್ಟಿಯರಿಂಗ್ ಬದಲು ಎರಡು ಉದ್ದನೆಯ ಲಿವರ್. ಹಿಮದಲ್ಲಿ ಹೂತುಹೋಗದೆ ಓಡಲೆಂದೇ ಅರವತ್ತರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ್ದಂತೆ. ಬೆಟ್ಟದ ಮೇಲಿನ ಕರೆಂಟ್ ಲೈನು ರಿಪೇರಿ ಮಾಡುವವರು ಅದರಲ್ಲಿ ಹೋಗಿಬರುತ್ತಿದ್ದರಂತೆ. ಈಗ ಡ್ರೈವರ್ ಸೀಟಿನ ಮೇಲೆ ಕೋಳಿಯೊಂದು ಕಾವು ಕೂತಿತ್ತು. ಬಾನೆಟ್ ಎತ್ತಿ ನೋಡಿದೆ. ಎಂಜಿನ್ನು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಇದನ್ನು ನಾನು ಓಡಿಸುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ. ಭಾವ ಟಾಯ್ಲೆಟ್ಟಿನಿಂದ ಬರುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಗಡಿನ ಎಮ್ಮೆ" ಎಂದು ಹೆಸರಿಟ್ಟರು. ಸಿಡ್ನಿಯವರೆಗೂ ದಾರಿಯುದ್ದಕ್ಕೂ ಅದೇ ತಮಾಷೆ. ನನಗೆ ಬೇಸರವಾಗಲಿಲ್ಲ, ಏಕೆಂದರೆ ನನಗೆ ಅವರ ಮನೆಯ ಶೆಡ್ಡು ಬೇಕಿತ್ತು. ಪೆಂಡಲ್ ಹಿಲ್‌ನ ಅವರ ಮನೆಯ ಹಿಂದೆ, ಹಿಂದಿನ ಮಾಲೀಕರು ದೋಣಿ ನಿಲ್ಲಿಸಲು ಕಟ್ಟಿಸಿದ್ದ ದೊಡ್ಡ ಶೆಡ್ಡೊಂದು ಖಾಲಿ ಬಿದ್ದಿತ್ತು. ಜಾಗ ಕೊಡಿ ಭಾವ ಎಂದು ಕೇಳಿದೆ, ಧಾರಾಳವಾಗಿ ಕೊಟ್ಟರು. ಆ ಒಂದು ಮಾತಿಗೆ ನಾನು ಈಗಲೂ ಕೃತಜ್ಞಳು. ಅಷ್ಟಕ್ಕೆ ಮಾತ್ರ.

ಗಾಡಿಯನ್ನು ಲಾರಿಯ ಮೇಲೆ ಹೇರಿಸಿ ಅಲ್ಲಿಗೆ ತರಿಸಿದೆ. ಆಮೇಲಿನದು ನನ್ನ ಕೆಲಸ. ಶುಕ್ರವಾರ ಆಫೀಸು ಮುಗಿಸಿ ಸಿಡ್ನಿಗೆ ಫ್ಲೈಟು, ಭಾನುವಾರ ಸಂಜೆ ವಾಪಸ್ಸು, ತಿಂಗಳಿಗೆ ಎರಡು ಸಲವಾದರೂ. ಸಿಲಿಂಡರುಗಳಿಗೆ ಡೀಸೆಲ್ ಸುರಿದು ವಾರಗಟ್ಟಲೆ ಬಿಟ್ಟು, ಕ್ರ್ಯಾಂಕಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಜಗ್ಗಿದೆ. ಮೂರನೇ ಭೇಟಿಯಲ್ಲಿ ಅದು ಕೂದಲೆಳೆಯಷ್ಟು ಅಲುಗಿದಾಗ ನಾನು ಶೆಡ್ಡಿನಲ್ಲಿ ಒಬ್ಬಳೇ ಕುಣಿದೆ. ನೆಲದ ತಗಡು ಕೊಳೆತು ಹೋಗಿತ್ತು. ಅದಕ್ಕಾಗಿ ಮೆಲ್ಬರ್ನಿನಲ್ಲಿ ಸಂಜೆಯ ವೆಲ್ಡಿಂಗ್ ಕ್ಲಾಸಿಗೆ ಸೇರಿದೆ. ಹೀಟರಿನೊಳಗೆ ಇಲಿಗಳು ಕಟ್ಟಿದ್ದ ಸಂಸಾರವನ್ನು ಖಾಲಿ ಮಾಡಿಸಿದೆ. ಪಟ್ಟಿಗಳ ರಬ್ಬರು ಮುಟ್ಟಿದರೆ ಪುಡಿಯಾಗುತ್ತಿತ್ತು. ಫ್ಯಾಕ್ಟರಿಗಳಿಗೆ ಕನ್ವೇಯರ್ ಬೆಲ್ಟ್ ಮಾಡಿಕೊಡುವವರೊಬ್ಬರನ್ನು ಹುಡುಕಿ, ಅಳತೆ ಕೊಟ್ಟು, ಹೊಸ ಬೆಲ್ಟ್ ತರಿಸಿದೆ. ಅದಕ್ಕೆ ಒಂದೊಂದೇ ತೂತು ಕೊರೆದು ಅಡ್ಡ ಕಬ್ಬಿಣಗಳನ್ನು ಬೋಲ್ಟ್ ಮಾಡುತ್ತ ಇಡೀ ಒಂದು ಬೇಸಿಗೆ ಕಳೆಯಿತು. ಸೋಮವಾರ ಮೀಟಿಂಗಿನಲ್ಲಿ ಉಗುರಿನ ಸಂದಿಯ ಕಪ್ಪು ಕಾಣದಿರಲೆಂದು ಕೈಗಳನ್ನು ಟೇಬಲ್ಲಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಆ ದಿನಗಳಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ.

ಭಾವ ಏನು ಮಾಡುತ್ತಿದ್ದರು? ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಟಾರ್ಚ್ ಹಿಡಿಯಿರಿ ಎಂದರೆ ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ಆದರೆ ಗಾಡಿ ಚೆನ್ನಾಗುತ್ತ ಹೋದಂತೆ ಅವರ ಮಾತೂ ಬದಲಾಗುತ್ತ ಹೋಯಿತು. ಮೊದಮೊದಲು ಮನೆಗೆ ಬಂದವರಿಗೆ ನಾದಿನಿಯ ಹುಚ್ಚು ಎಂದು ತೋರಿಸುತ್ತಿದ್ದರು. ಎಂಜಿನ್ನು ಸ್ಟಾರ್ಟ್ ಆದ ಮೇಲೆ ನಮ್ಮ ಪ್ರಾಜೆಕ್ಟ್ ಅಂದರು. ಕಿತ್ತಳೆ ಬಣ್ಣ ಬಳಿದು ಅದು ಹೊಸದರಂತೆ ಹೊಳೆದ ದಿನ, ಯಾರೋ ದಂಪತಿಗಳಿಗೆ ತೋರಿಸುತ್ತ, "ನಾದಿನಿ ಕೂಡ ಆಗಾಗ ಬಂದು ಹೆಲ್ಪ್ ಮಾಡ್ತಾಳೆ" ಅಂದರು. ನಾನು ಗಾಡಿಯ ಕೆಳಗೆ ಮಲಗಿದ್ದೆ. ಬಂದವರಿಗೆ ನನ್ನ ಪಾದಗಳು ಮಾತ್ರ ಕಾಣುತ್ತಿದ್ದವು. ಸ್ಪ್ಯಾನರನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರಿಂದ ಆ ದಿನ ಏನೂ ಹೇಳಲಾಗಲಿಲ್ಲ.

ಅದೂ ಹೋಗಲಿ. ನವೆಂಬರ್ ತಿಂಗಳಲ್ಲಿ ಸಿಡ್ನಿಯ ಅವರ ಗೆಳೆಯರ ಬಳಗದವರು ಒಂದು ಹಾಲ್ ಹಿಡಿದು ರಾಜ್ಯೋತ್ಸವ ಮಾಡಿದರು. ನಾನು ಮೆಲ್ಬರ್ನಿನಲ್ಲಿದ್ದೆ. ಮರುದಿನ ಬೆಳಿಗ್ಗೆ ಟ್ರ್ಯಾಮಿನಲ್ಲಿ ಕೂತು ವಾಟ್ಸ್ಯಾಪ್ ತೆರೆದರೆ ಭಾವನ ಸ್ಟೇಟಸ್. ತಲೆಯ ಮೇಲೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಹಳೆಯ ಹಿಮದ ಗಾಡಿಯೊಂದಕ್ಕೆ ಮರುಜೀವ ಕೊಟ್ಟ ಸಾಧಕರು ಎಂದು ಸನ್ಮಾನ. ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ಒಂದು ಫೋಟೋ: ಭಾವ ನನ್ನ ಗಾಡಿಯ ಪಕ್ಕದಲ್ಲಿ, ನನ್ನ ಸ್ಪ್ಯಾನರ್ ಹಿಡಿದು, ನನ್ನ ಗ್ಲೌಸ್ ಹಾಕಿಕೊಂಡು ನಿಂತಿದ್ದಾರೆ. ಗ್ಲೌಸು ಅವರ ಬೆರಳಿಗೆ ಅರ್ಧಕ್ಕೇ ನಿಂತಿತ್ತು. ಭಾಷಣದ ವಿಡಿಯೋ ಕೂಡ ಇತ್ತು. ವೀಕೆಂಡುಗಳನ್ನೆಲ್ಲ ತ್ಯಾಗ ಮಾಡಿದರಂತೆ. ಮನೆಯವರ ಸಹಕಾರ ಇಲ್ಲದಿದ್ದರೆ ಆಗುತ್ತಿರಲಿಲ್ಲವಂತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋಯಿತು.

ಮೈಯೆಲ್ಲ ಉರಿದುಹೋಯಿತು. ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಎಲ್ಲ ಗೊತ್ತಿತ್ತು, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತವಳೇ ಅವಳು. "ಹೋಗ್ಲಿ ಬಿಡೇ, ಒಂದು ಶಾಲು ತಾನೆ. ನಿನಗೆ ಬೇಕಂದ್ರೆ ನಾನೇ ಕೊಡ್ತೀನಿ" ಅಂದಳು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೋಗ್ಲಿ ಬಿಡು ಅನ್ನುವುದನ್ನು ಹಾಲಿನ ಜೊತೆ ಕುಡಿಸಿ ಬೆಳೆಸಿದ್ದಾರೆ. ಅಕ್ಕನಿಗೆ ಅದು ಜೀರ್ಣವಾಯಿತು, ನನಗೆ ಆಗಲಿಲ್ಲ.

ಮುಂದಿನ ಭೇಟಿಯಲ್ಲಿ ಭಾವನನ್ನೇ ಕೇಳಿದೆ. ಸಿಟ್ಟು ತೋರಿಸದೆ, ಮರ್ಯಾದೆಯಿಂದಲೇ ಕೇಳಿದೆ. ಆ ಜನಗಳ ಮುಂದೆ ಒಂದು ಸಲ, ಇದನ್ನು ಮಾಡಿದವಳು ನಾನು ಎಂದು ಹೇಳಿಬಿಡಿ, ಸಾಕು ಎಂದೆ. ಅವರು ನನ್ನ ತಲೆ ಸವರಿ ನಕ್ಕರು. "ಫ್ಯಾಮಿಲಿ ಒಳಗೆ ನಂದು ನಿಂದು ಅಂತ ಏನಮ್ಮ ಇದೆ?" ಅಂದರು. ಅದೇ ಉಸಿರಿನಲ್ಲಿ ಮುಂದಿನ ಯೋಜನೆಯನ್ನೂ ಹೇಳಿದರು. ಮುಂದಿನ ರಾಜ್ಯೋತ್ಸವಕ್ಕೆ ಗಾಡಿಗೆ ಹಳದಿ ಕೆಂಪು ಬಣ್ಣ ಹೊಡೆಸಿ, ಮೇಲೆ ಭುವನೇಶ್ವರಿಯ ಮೂರ್ತಿ ಇಟ್ಟು, ಹಿಂದೆ ಸ್ಪೀಕರ್ ಕಟ್ಟಿ ಮೆರವಣಿಗೆ ಮಾಡುವುದು. ಓಡಿಸುವವರು ಅವರೇ. ಹಿಂದಿನ ಬೆಂಚು ಕಿತ್ತುಹಾಕಬೇಕು, ಯಾವತ್ತು ಕೀಳ್ತೀಯಾ ಎಂದು ನನ್ನನ್ನೇ ಕೇಳಿದರು.

ಅವತ್ತೇ ನಾನು ತೀರ್ಮಾನಿಸಿದೆ. ಇವರ ಬಾಯಿಂದಲೇ, ಅದೇ ಜನಗಳ ಮುಂದೆ, ಆ ಮಾತು ಹೊರಡಬೇಕು. ಅಲ್ಲಿಯವರೆಗೆ ಈ ಗಾಡಿಯನ್ನು ಇವರು ಓಡಿಸಕೂಡದು. ಬಾಯಲ್ಲಿ ಆಗಲಿ ಭಾವ ಎಂದೆ. ಒಳಗೆ ಕುದಿಯುತ್ತಿದ್ದೆ.

ಈ ಗಾಡಿಯನ್ನು ಓಡಿಸುವ ಬಗೆ ಇಲ್ಲಿ ಹೇಳಬೇಕು. ಎಡಗಡೆಯ ಲಿವರ್ ಎಳೆದರೆ ಎಡಗಡೆಯ ಪಟ್ಟಿ ನಿಧಾನವಾಗಿ ಗಾಡಿ ಎಡಕ್ಕೆ ತಿರುಗುತ್ತದೆ, ಬಲಗಡೆಯದನ್ನು ಎಳೆದರೆ ಬಲಕ್ಕೆ. ಎರಡನ್ನೂ ಒಟ್ಟಿಗೆ ಹೊಟ್ಟೆಯ ತನಕ ಎಳೆದುಕೊಂಡರೆ ನಿಲ್ಲುತ್ತದೆ. ಕಾಲಿಗೆ ಕ್ಲಚ್ ಇದೆ, ಆಕ್ಸಿಲರೇಟರ್ ಇದೆ, ಬ್ರೇಕ್ ಇಲ್ಲ. ಬ್ರೇಕು ಎಂದರೆ ಆ ಲಿವರುಗಳೇ. ಆರಡಿ ಗಂಡಸರಿಗೆಂದು ಮಾಡಿದ ಗಾಡಿ ಅದು, ಐದಡಿಯ ನನಗೆ ಕ್ಲಚ್ ಎಟುಕಿಸಲು ಸೀಟಿನ ತುದಿಗೆ ಜಾರಬೇಕಾಗುತ್ತಿತ್ತು. ಬೆನ್ನಿಗೆ ದಿಂಬು ಇಟ್ಟುಕೊಂಡು ಸುಧಾರಿಸಿದ್ದೆ. ಇನ್ನು ಮೇಲೆ ಯಾಕೆ ಸುಧಾರಿಸಬೇಕು?

ಸೀಟಿನ ಜಾರುಪಟ್ಟಿಯನ್ನು ಕಿತ್ತು, ಸೀಟನ್ನು ನನ್ನ ಕಾಲಿನ ಅಳತೆಗೆ ಮುಂದಕ್ಕೆ ತಂದು ವೆಲ್ಡ್ ಮಾಡಿಬಿಟ್ಟೆ. ಲಿವರುಗಳನ್ನು ಬಿಸಿ ಮಾಡಿ, ನನ್ನ ಗಿಡ್ಡ ಕೈಗೆ ಸಿಗುವಂತೆ ಹಿಂದಕ್ಕೆ ಬಗ್ಗಿಸಿದೆ. ಆ ಹೊತ್ತಿನಲ್ಲೇ ನಾನು ಬಟ್ಟೆ ಒಣಹಾಕುವ ತಂತಿಯ ಹತ್ತಿರ ಹೋಗಿ ಪ್ಯಾಂಟು ಅಳೆದದ್ದು. ಸೀಟಿಗೂ ಲಿವರಿಗೂ ನಡುವೆ ನಾನು ಆರಾಮವಾಗಿ ಕೂರಬಹುದು, ಭಾವ ಕೂರಲಾರರು. ನನಗೆ ಬೇಕಿದ್ದುದು ಅಷ್ಟೇ: ಮೆರವಣಿಗೆಯ ದಿನ ಅವರು ಎಲ್ಲರ ಮುಂದೆ ಹತ್ತಲು ಹೋಗಬೇಕು, ಸಿಕ್ಕಿಹಾಕಿಕೊಳ್ಳಬೇಕು, ಇಳಿಯಬೇಕು, ಇದು ಯಾರ ಅಳತೆಗೆ ಮಾಡಿದ್ದು ಎಂದು ಯಾರಾದರೂ ಕೇಳಬೇಕು. ಕೆಲಸ ಮುಗಿಸಿ ಕೂತು ಎಳೆದು ನೋಡಿದೆ. ಎರಡು ಲಿವರೂ ನನ್ನ ಹೊಟ್ಟೆಗೆ ಸರಿಯಾಗಿ ಬಂದು ನಿಂತವು. ಯಾರೋ ದರ್ಜಿ ನನಗೆಂದೇ ಹೊಲಿದುಕೊಟ್ಟಂತೆ ಇತ್ತು.

ಆಯುಧಪೂಜೆ ಬಂತು. ಇಲ್ಲಿ ಹಬ್ಬ ಯಾವ ವಾರ ಬಿದ್ದರೂ ನಾವು ಮಾಡುವುದು ಭಾನುವಾರವೇ. ಭಾವ ತಮಗೆ ಸನ್ಮಾನ ಮಾಡಿದ್ದ ಬಳಗದವರನ್ನೆಲ್ಲ ಕುಟುಂಬಸಮೇತ ಕರೆದಿದ್ದರು. ಹಿತ್ತಲಿನ ಹುಲ್ಲಿನ ಮೇಲೆ ಒಂದು ತುದಿಗೆ ಶೆಡ್ಡಿನಿಂದ ಹೊರಗೆ ತಂದ ನನ್ನ ಗಾಡಿ. ಇನ್ನೊಂದು ತುದಿಗೆ, ಅದಕ್ಕೆ ಮುಖ ಮಾಡಿ, ಭಾವ ಆ ತಿಂಗಳು ತಂದಿದ್ದ ಬಿಳಿಯ ಎಲೆಕ್ಟ್ರಿಕ್ ಕಾರು. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಎರಡಕ್ಕೂ ಚೆಂಡುಹೂವಿನ ಹಾರ, ಅರಿಶಿನ ಕುಂಕುಮ. ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ಸ್ವೀಟು, ಪೆಂಡಲ್ ಹಿಲ್ ಅಂಗಡಿಯಿಂದ ಬೂದುಗುಂಬಳ. ವಾರವಿಡೀ ಐಟಿ ಕೆಲಸ ಮಾಡಿ ವೀಕೆಂಡಿಗೆ ಪೌರೋಹಿತ್ಯ ಮಾಡುವ ಅಂಕಲ್ ಒಬ್ಬರು ಮಂತ್ರ ಹೇಳುತ್ತ ಪದೇ ಪದೇ ವಾಚು ನೋಡುತ್ತಿದ್ದರು.

ಮೊದಲು ಕಾರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಭಾವ ಕೂತು ಮುಂದಕ್ಕೆ ಬಿಟ್ಟರು, ಹಣ್ಣು ಚಪ್ಪಟೆಯಾಯಿತು, ಚಪ್ಪಾಳೆ. ಆಮೇಲೆ ನನ್ನ ಗಾಡಿ. ಪಟ್ಟಿಗಳ ಕೆಳಗೂ ಎರಡೆರಡು ನಿಂಬೆಹಣ್ಣು. ನಾನು ಹತ್ತಿ ಸ್ಟಾರ್ಟ್ ಮಾಡಿ, ಮೊದಲನೆಯ ಗೇರಿಗೆ ಹಾಕಿ ಕ್ಲಚ್ ಒತ್ತಿ ಕೂತೆ. ನಿಂಬೆಹಣ್ಣಿನ ಮೇಲೆ ಹಾಯಿಸುವವಳು ನಾನೇ ಎಂದುಕೊಂಡಿದ್ದೆ. ಪುರೋಹಿತರು ಕೈ ಅಡ್ಡ ತಂದರು. ಮನೆ ಯಜಮಾನರು ಹಾಯಿಸಬೇಕು, ಹೆಂಗಸರು ಆರತಿ ಹಿಡಿಯಬೇಕು, ಬೇಗ ಆಗಲಿ, ರಾಹುಕಾಲ ಬರುತ್ತಿದೆ ಅಂದರು. ನಾನು ಗೇರು ತಪ್ಪಿಸಿ ಇಳಿದೆ. ಅಕ್ಕ ನನ್ನ ಕೈಗೆ ಆರತಿ ತಟ್ಟೆ ಕೊಟ್ಟಳು.

ಭಾವ ಗಾಡಿ ಹತ್ತತೊಡಗಿದಾಗ ಒಂದು ಮಾತು ಹೇಳಿದೆ, ಹೇಳಲಿಲ್ಲ ಎಂದು ಯಾರೂ ಅನ್ನುವಂತಿಲ್ಲ. "ಭಾವ, ಈ ಸೀಟು ನಿಮಗೆ ಆಗಲ್ಲ. ಇಳೀರಿ."

"ನಮ್ಮನೆ ಶೆಡ್‌ನಲ್ಲಿ ಇರೋ ಗಾಡಿ ನನಗೆ ಆಗಲ್ವಾ?" ಅಂದರು ಭಾವ, ಎಲ್ಲರಿಗೂ ಕೇಳುವಂತೆ.

ಅವರು ಸಿಕ್ಕಿಹಾಕಿಕೊಂಡು ಇಳಿಯುತ್ತಾರೆ ಎಂದು ನಾನು ಕಾದೆ. ಅವರು ಇಳಿಯಲಿಲ್ಲ. ಉಸಿರು ಒಳಗೆ ಎಳೆದುಕೊಂಡು, ಹೊಸ ರೇಷ್ಮೆ ಪಂಚೆಯನ್ನು ಮೇಲೆ ಕಟ್ಟಿ, ಸೊಂಟವನ್ನು ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ತಿರುಗಿಸಿ, ಡಬ್ಬಿಗೆ ಹಿಟ್ಟು ಒತ್ತಿ ತುಂಬಿದಂತೆ ತುಂಬಿಕೊಂಡರು. ಆಮೇಲೆ ಉಸಿರು ಬಿಟ್ಟರು. ಹೊಟ್ಟೆ ಹೊರಗೆ ಬಂದು ಲಿವರುಗಳಿಗೆ ಒತ್ತಿ ನಿಂತಿತು. ಹೇಗೋ ಕ್ಲಚ್ ಒತ್ತಿ ಗೇರು ಹಾಕಿ, ಕಾಲು ತೆಗೆದರು. ಗಾಡಿ ನಿಂಬೆಹಣ್ಣುಗಳ ಮೇಲೆ ಗಂಭೀರವಾಗಿ ಹಾದುಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಡಿ ಹಾಗೇ ಮುಂದೆ ಹೋಯಿತು.

ಭಾವ ಲಿವರುಗಳನ್ನು ಎಳೆದರು. ಲಿವರುಗಳು ಬರುವುದಕ್ಕೆ ಜಾಗ ಇರಲಿಲ್ಲ, ಅಲ್ಲಿ ಹೊಟ್ಟೆ ಇತ್ತು. ಈ ದೇಶಕ್ಕೆ ಬಂದಾಗಿನಿಂದ ಆಟೋಮ್ಯಾಟಿಕ್ ಕಾರನ್ನೇ ಓಡಿಸಿದವರಿಗೆ ಗಾಬರಿಯಲ್ಲಿ ಕ್ಲಚ್ಚು ನೆನಪಾಗಲಿಲ್ಲ, ಇಲ್ಲದ ಬ್ರೇಕನ್ನು ಕಾಲಿನಲ್ಲಿ ಹುಡುಕುತ್ತಿದ್ದರು. ಕೀ ಕೈಗೆ ಎಟುಕಲು ಬಗ್ಗಬೇಕಿತ್ತು, ಬಗ್ಗಲಾಗಲಿಲ್ಲ. ಗಾಡಿ ನಡೆಯುವ ವೇಗದಲ್ಲಿ ಬೂದುಗುಂಬಳದ ಮೇಲೆ ಹೋಯಿತು. ಒಡೆಯಲು ಇಟ್ಟದ್ದೇ ಆದ್ದರಿಂದ ಅದಕ್ಕೆ ಯಾರೂ ಆಕ್ಷೇಪಿಸಲಿಲ್ಲ. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದೆ. ಮುಂದೆ ಒಂದು ನರಪಿಳ್ಳೆಯೂ ಇಲ್ಲ, ಕಾರಿನಲ್ಲೂ ಯಾರೂ ಇಲ್ಲ ಎಂದು ನೋಡಿಕೊಂಡಿದ್ದೆ. ತೆರೆದಿದ್ದ ಬಾಗಿಲಿನಿಂದ ಕೈ ಚಾಚಿ ಕೀ ತಿರುಗಿಸುವುದು ನನಗೆ ಕಷ್ಟವೇ ಇರಲಿಲ್ಲ. ತಿರುಗಿಸುತ್ತೇನೆ ಎಂದುಕೊಂಡೆ, ಇನ್ನೂ ಸ್ವಲ್ಪ ಹೋಗಲಿ ಎಂದುಕೊಂಡೆ. ಆ ಕ್ಷಣದ ಸಂತೋಷವನ್ನು ಮುಚ್ಚಿಡುವುದಿಲ್ಲ. ಪೇಟ, ಶಾಲು, ಹಣ್ಣಿನ ಬುಟ್ಟಿ, ತಲೆ ಸವರಿದ ಆ ಕೈ, ಒಂದೊಂದೂ ಕಣ್ಣಮುಂದೆ ಬಂತು.

ಹಿಮದ ಗಾಡಿ ಬಿಳಿಯ ಕಾರಿನ ಮೂತಿಗೆ ಮುತ್ತಿಟ್ಟು, ಬಂಪರನ್ನು ಒಳಗೆ ತಳ್ಳಿ, ಒಂದು ದೀಪ ಒಡೆಯಿತು. ಆಗ ಕೈ ಚಾಚಿ ಕೀ ತಿರುಗಿಸಿದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದಳು, ಅಳು ತಡೆಯಲೋ ನಗು ತಡೆಯಲೋ ನನಗೆ ಇವತ್ತಿಗೂ ಅವಳು ಹೇಳಿಲ್ಲ. ಪುರೋಹಿತರು ರಾಹುಕಾಲ ಆಗಲೇ ಶುರುವಾಗಿಬಿಟ್ಟಿತ್ತೋ ಏನೋ ಎಂದು ಗೊಣಗಿದರು.

ಇಬ್ಬರು ಸೇರಿ ಭಾವನನ್ನು ಹೊರಗೆಳೆದರು. ಅವರಿಗೆ ಒಂದು ಗೀರೂ ಆಗಿರಲಿಲ್ಲ. ಬಳಗದವರಲ್ಲಿ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಇಷ್ಟು ವರ್ಷ ಕಷ್ಟಪಟ್ಟು ನೀವೇ ಮಾಡಿದ ಗಾಡಿ, ನಿಮಗೇ ಬ್ರೇಕ್ ಸಿಗಲಿಲ್ಲವಲ್ಲ ಎಂದು ಕೇಳಿದರು. ಭಾವನ ಮುಖ ಕಪ್ಪಿಟ್ಟಿತು. ಎದುರಿಗೆ ಜಜ್ಜಿಹೋದ ಹೊಸ ಕಾರು, ಸುತ್ತ ಪೂರ್ತಿ ಬಳಗ. ತಪ್ಪನ್ನು ಯಾರ ಮೇಲಾದರೂ ಹಾಕಲೇಬೇಕಿತ್ತು. ಅವರು ತಿರುಗಿ ನನ್ನ ಕಡೆ ಬೆರಳು ತೋರಿಸಿದರು.

"ನನ್ನನ್ನ ಯಾಕ್ರೀ ಕೇಳ್ತೀರಾ? ನಾನು ಮಾಡಿದ್ದಲ್ಲ ಇದು. ಇವಳು ಮಾಡಿದ್ದು. ಎಂಜಿನ್ನು, ಬೆಲ್ಟು, ಸೀಟು, ಈ ದರಿದ್ರ ಲಿವರ್ರು, ಎಲ್ಲಾ ಇವಳೇ. ನಾನು ಒಂದು ನಟ್ಟೂ ಮುಟ್ಟಿಲ್ಲ."

ಬಳಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಆರತಿಯ ದೀಪ ಇನ್ನೂ ಉರಿಯುತ್ತಿತ್ತು. ತಟ್ಟೆಯನ್ನು ನನ್ನ ಗಾಡಿಯ ಬಾನೆಟ್ಟಿನ ಮೇಲೆ ಇಟ್ಟೆ.

"ಇನ್ನೊಂದ್ಸಲ ಹೇಳಿ ಭಾವ" ಎಂದೆ. "ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ."

ಅವರು ಅಷ್ಟು ಸಿಟ್ಟಿನಲ್ಲಿದ್ದರು, ಇನ್ನೊಂದು ಸಲ ಹೇಳಿದರು, ಮೊದಲಿಗಿಂತ ಜೋರಾಗಿ.